ಸ್ಟುಡಿಯೋ ಲೈಟ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಶಿವಮೊಗ್ಗದ ನಮ್ಮ ಮನೆಯಲ್ಲಿ 10 ಅಡಿಗೆ 12 ಅಡಿಯ ಒಂದು ಕೋಣೆ ಇದೆ. ಮೊದಲು ಅಲ್ಲಿ ಅಕ್ಕಿ ಮೂಟೆ, ಹಳೆ ಮಂಚ ಇರುತ್ತಿದ್ದವು. ಅದನ್ನು ಖಾಲಿ ಮಾಡಿ 400 ವ್ಯಾಟ್-ಸೆಕೆಂಡಿನ (ಮಿಂಚಿನ ಶಕ್ತಿಯ ಅಳತೆ) ಒಂದು ಫ್ಲ್ಯಾಶ್ ಲೈಟ್, ಅದರ ಮುಂದೆ ಕಟ್ಟುವ 3 ಅಡಿಯ ಒಂದು ಸಾಫ್ಟ್‌ಬಾಕ್ಸ್ (ಬೆಳಕು ಹರಡುವ ಬಿಳಿ ಬಟ್ಟೆಯ ಪೆಟ್ಟಿಗೆ), ಕ್ಯಾಮೆರಾ ಮೇಲೆ ಕೂತು ಲೈಟಿಗೆ ಸಿಗ್ನಲ್ ಕಳಿಸುವ ಒಂದು ರೇಡಿಯೋ ಟ್ರಿಗರ್ ಇಟ್ಟುಕೊಂಡು ಪೋರ್ಟ್ರೇಟ್ ತೆಗೆಯಲು ಕಲಿತೆ. ಮೊದಲ ಭಾನುವಾರ ಅಮ್ಮ ರೇಷ್ಮೆ ಸೀರೆ ಉಟ್ಟು ಸ್ಟೂಲ್ ಮೇಲೆ ಕೂತಳು. ಕ್ಲಿಕ್ ಮಾಡಿದೆ. ಲೈಟ್ ಹೊಡೆಯಲಿಲ್ಲ. ಕೇಬಲ್ ಕಿತ್ತು ಮತ್ತೆ ಹಾಕಿದೆ, ಪವರ್ ಏರಿಸಿದೆ, ಕ್ಯಾಮೆರಾದ ಸೆಟ್ಟಿಂಗ್ ಎಲ್ಲ ಬದಲಿಸಿದೆ, ಎರಡು ಗಂಟೆ ಹೋಯಿತು, ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಮರುದಿನ ಲೈಟನ್ನು ಟವೆಲ್‌ನಲ್ಲಿ ಸುತ್ತಿ ರಿಪೇರಿಯವರ ಹತ್ತಿರ ಒಯ್ದೆ. ಅವರು ಲೈಟ್ ಮುಟ್ಟಲೇ ಇಲ್ಲ. ಟ್ರಿಗರ್ ತಗೊಂಡು ಚಾನೆಲ್ 1ರಿಂದ 3ಕ್ಕೆ ತಿರುಗಿಸಿದರು. ಲೈಟ್ ಟಪ್ ಅಂತ ಹೊಡೆಯಿತು.

ಅವತ್ತಿನಿಂದ ಹುಡುಕುವ ಕ್ರಮವನ್ನೇ ಬದಲಿಸಿಕೊಂಡೆ. ತೊಂದರೆ ಬಂದ ತಕ್ಷಣ ಲೈಟ್ ಕೆಟ್ಟಿದೆ ಅಂತ ಅಂದುಕೊಳ್ಳುವುದಿಲ್ಲ. ಮೊದಲು ಕರೆಂಟ್, ಆಮೇಲೆ ಟ್ರಿಗರ್, ಆಮೇಲೆ ಕ್ಯಾಮೆರಾ, ಆಮೇಲೆ ಕೋಣೆ. ಇಷ್ಟೂ ಸರಿ ಇದ್ದರೆ ಮಾತ್ರ ಲೈಟ್. ಇನ್ನೊಂದು ಮಾತು ತುಂಬಾ ಮುಖ್ಯ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನು ಒಟ್ಟಿಗೆ ತಿರುಗಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ಭಾನುವಾರ ಅದೇ ಕಷ್ಟ ಮತ್ತೆ ಬರುತ್ತದೆ.

ಕೈ ಹಾಕುವ ಮೊದಲು

ಸ್ಟುಡಿಯೋ ಫ್ಲ್ಯಾಶ್‌ನ ಒಳಗೆ ದೊಡ್ಡ ಕೆಪಾಸಿಟರ್‌ಗಳಿವೆ. ಅವುಗಳಲ್ಲಿ ನೂರಾರು ವೋಲ್ಟ್ ತುಂಬಿರುತ್ತದೆ. ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆದ ಮೇಲೂ ಅದು ಒಳಗೆ ಉಳಿದಿರಬಹುದು. ಹಾಗಾಗಿ ಲೈಟ್‌ನ ಕವಚದ ಸ್ಕ್ರೂ ಯಾವ ಕಾರಣಕ್ಕೂ ಬಿಚ್ಚಬೇಡಿ. ರೇಡಿಯೋ, ಮಿಕ್ಸಿ ಎಲ್ಲ ಬಿಚ್ಚಿ ರಿಪೇರಿ ಮಾಡಿದ ಅನುಭವ ನಿಮಗಿದ್ದರೂ ಬೇಡ. ಇದು ಜೀವಕ್ಕೆ ಅಪಾಯ.

ಮೂರು ಪಿನ್ನಿನ ಪ್ಲಗ್ಗನ್ನು ಅರ್ಥಿಂಗ್ ಇರುವ ಸಾಕೆಟ್‌ಗೇ ಹಾಕಿ. ಅರ್ಥ್ ಪಿನ್ ಮುರಿದು ಎರಡು ಪಿನ್ ಮಾಡಿಕೊಳ್ಳುವ ಅಭ್ಯಾಸ ಹಳೆ ಮನೆಗಳಲ್ಲಿ ನೋಡಿದ್ದೇನೆ, ದಯವಿಟ್ಟು ಬೇಡ. ಒದ್ದೆ ಕೈ, ಒದ್ದೆ ನೆಲ ಕೂಡ ಬೇಡ.

ಸ್ಟ್ಯಾಂಡ್ ಎತ್ತರಿಸುವ ಮೊದಲು ಮೇಲೆ ನೋಡಿ. ಸೀಲಿಂಗ್ ಫ್ಯಾನ್ ತಿರುಗುತ್ತಿರುತ್ತದೆ. ಸಾಫ್ಟ್‌ಬಾಕ್ಸ್ ಹಾಕಿದ ಲೈಟ್‌ನ ತಲೆ ಭಾರ, ಸ್ವಲ್ಪ ತಾಗಿದರೂ ಎಲ್ಲ ಕೂತವರ ಮೇಲೆ ಬೀಳುತ್ತದೆ. ಸ್ಟ್ಯಾಂಡಿನ ಒಂದು ಕಾಲು ಲೈಟ್ ಬಾಗಿದ ಕಡೆಗೆ ಇರಲಿ, ಕಾಲಿನ ಮೇಲೆ 5 ಕಿಲೋ ಮರಳಿನ ಚೀಲ ಇಡಿ. ಮರಳು ಸಿಗದಿದ್ದರೆ ಅಕ್ಕಿ ಚೀಲ ಆದೀತು. ವೈರ್ ಓಡಾಡುವ ದಾರಿಯಲ್ಲಿದ್ದರೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಮಕ್ಕಳ ಫೋಟೋ ತೆಗೆಯುವ ದಿನವಂತೂ ಇದು ಬೇಕೇ ಬೇಕು.

ಕೂರುವವರನ್ನು ಮೊದಲೇ ಒಂದು ಮಾತು ಕೇಳಿ: ಮಿಂಚುವ ಬೆಳಕಿನಿಂದ ಫಿಟ್ಸ್ ಬರುವ ತೊಂದರೆ ಇದೆಯಾ ಅಂತ. ಇದೆ ಅಂದರೆ ಫ್ಲ್ಯಾಶ್ ಬಿಟ್ಟುಬಿಡಿ, ಕಿಟಕಿ ಬೆಳಕಿನಲ್ಲಿ ತೆಗೆಯಿರಿ.

ಎಲ್ಲ ಹುಡುಕಾಟಕ್ಕೂ ಒಂದೇ ಶುರು

ಕ್ಯಾಮೆರಾ ಮ್ಯಾನುಯಲ್ ಮೋಡ್‌ಗೆ ಹಾಕಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಶಟರ್ 1/125 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಫ್ಲ್ಯಾಶ್ ಗುರುತಿಗೆ. ಆಟೋ ಐಎಸ್‌ಒ ಆಫ್. ಲೈಟ್‌ನ ಪವರ್ 1/8. ಈಗ ಟ್ರಿಗರ್ ಆಫ್ ಮಾಡಿ ಒಂದು ಫೋಟೋ ತೆಗೆಯಿರಿ. ಅದು ಪೂರ್ತಿ ಕಪ್ಪಾಗಿ ಬರಬೇಕು. ಬಂದರೆ ಕೋಣೆಯ ಟ್ಯೂಬ್‌ಲೈಟ್, ಕಿಟಕಿ ಯಾವುದೂ ನಿಮ್ಮ ಫೋಟೋದಲ್ಲಿ ಸೇರುತ್ತಿಲ್ಲ ಅಂತ ಅರ್ಥ. ಇನ್ನು ಮುಂದೆ ಕಾಣುವ ಬೆಳಕೆಲ್ಲ ಫ್ಲ್ಯಾಶ್‌ನದ್ದೇ. ಕಪ್ಪಾಗದೆ ಮುಖ ಮಬ್ಬಾಗಿ ಕಂಡರೆ ಪರದೆ ಎಳೆಯಿರಿ, ಟ್ಯೂಬ್‌ಲೈಟ್ ಆರಿಸಿ.

ಈ ಒಂದು ಕಪ್ಪು ಫೋಟೋ ನನಗೆ ಉಳಿಸಿದ ಸಮಯ ಲೆಕ್ಕಕ್ಕಿಲ್ಲ. ಇದನ್ನು ತೆಗೆಯದೆ ಮುಂದೆ ಹೋಗಬೇಡಿ.

ಲೈಟ್ ಹೊಡೆಯುವುದೇ ಇಲ್ಲ

ಲೈಟ್‌ನ ಹಿಂದೆ ಟೆಸ್ಟ್ ಬಟನ್ ಇದೆ. ಮೊದಲು ಅದನ್ನು ಒತ್ತಿ. ಹೊಡೆದರೆ ಲೈಟ್ ಚೆನ್ನಾಗಿದೆ, ತೊಂದರೆ ಲೈಟ್ ಮತ್ತು ಕ್ಯಾಮೆರಾದ ನಡುವೆ ಎಲ್ಲೋ ಇದೆ. ಹೊಡೆಯದಿದ್ದರೆ ಕರೆಂಟಿನ ಕಡೆ ಹೋಗಿ. ಕೆಲಸವನ್ನು ಅರ್ಧಕ್ಕೆ ಇಳಿಸುವ ಪರೀಕ್ಷೆ ಇದು, ಒಂದು ಪೈಸೆ ಖರ್ಚಿಲ್ಲ.

ಟೆಸ್ಟ್ ಬಟನ್‌ಗೆ ಹೊಡೆಯುತ್ತದೆ, ಕ್ಯಾಮೆರಾಗೆ ಹೊಡೆಯುವುದಿಲ್ಲ ಅಂತಾದರೆ ಟ್ರಿಗರ್‌ನ ಮೇಲಿನ ಬಟನ್ ಒತ್ತಿ ನೋಡಿ. ಅದಕ್ಕೂ ಹೊಡೆಯಲಿಲ್ಲ ಅಂದರೆ ಟ್ರಿಗರ್‌ನ ಸೆಲ್ ಬದಲಿಸಿ. ಟ್ರಿಗರ್‌ನ ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ಸೆಲ್ ಗಟ್ಟಿಯಿದೆ ಅಂತಲ್ಲ, ದೀಪಕ್ಕೆ ಸಾಲುವಷ್ಟು ಶಕ್ತಿ ಸಿಗ್ನಲ್ ಕಳಿಸಲು ಸಾಲದೇ ಹೋಗಬಹುದು. ಆಮೇಲೆ ಚಾನೆಲ್ ನೋಡಿ. ಲೈಟ್, ಟ್ರಿಗರ್ ಎರಡರಲ್ಲೂ ಒಂದೇ ಸಂಖ್ಯೆ ಇರಬೇಕು. ಗ್ರೂಪ್ ಅಕ್ಷರವೂ ಹೊಂದಬೇಕು, ಲೈಟ್ ಎ ಗ್ರೂಪಿನಲ್ಲಿದ್ದು ಟ್ರಿಗರ್‌ನಲ್ಲಿ ಎ ಆಫ್ ಆಗಿದ್ದರೆ ಎಷ್ಟು ಒತ್ತಿದರೂ ಅಷ್ಟೇ. ಕೆಲವು ಹೊಸ ಟ್ರಿಗರ್‌ಗಳಲ್ಲಿ ಇವೆರಡರ ಜೊತೆ ಐಡಿ ಅಂತ ಮೂರನೆಯ ಸಂಖ್ಯೆ ಇರುತ್ತದೆ, ಅದನ್ನು ಮರೆಯುವವರೇ ಜಾಸ್ತಿ.

ಈಗ ಬಳಕೆಯಲ್ಲಿರುವ ಬಹುಪಾಲು ಟ್ರಿಗರ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಮನೆಯ ವೈಫೈ ಕೂಡ ಅಲ್ಲೇ. ಅಪಾರ್ಟ್‌ಮೆಂಟ್‌ನಲ್ಲಿ ಸುತ್ತ ಹತ್ತು ವೈಫೈ ಇದ್ದು ಲೈಟ್ ಒಮ್ಮೆ ಹೊಡೆದು ಒಮ್ಮೆ ಬಿಡುತ್ತಿದ್ದರೆ ಚಾನೆಲ್ ಬದಲಿಸಿ ನೋಡಿ. ಇನ್ನೊಂದು ವಿಚಿತ್ರ ಇದೆ. ದೂರದಲ್ಲಿ ಸರಿಯಾಗಿ ಹೊಡೆದು ತೀರಾ ಹತ್ತಿರ ಬಂದಾಗ ತಪ್ಪುವುದು. ಅಂಥ ಟ್ರಿಗರ್‌ನ ಮೆನುವಿನಲ್ಲಿ ದೂರದ ಆಯ್ಕೆ ಇದೆಯಾ ನೋಡಿ, ಇದ್ದರೆ ಹತ್ತಿರದ್ದಕ್ಕೆ ಹಾಕಿ.

ಟ್ರಿಗರ್‌ನ ಬಟನ್‌ಗೆ ಹೊಡೆಯುತ್ತದೆ, ಶಟರ್ ಒತ್ತಿದಾಗ ಮಾತ್ರ ಇಲ್ಲ. ಆಗ ಕಣ್ಣು ಹಾಟ್ ಶೂ ಕಡೆ, ಅಂದರೆ ಕ್ಯಾಮೆರಾದ ನೆತ್ತಿಯಲ್ಲಿ ಟ್ರಿಗರ್ ಕೂರುವ ಜಾಗದ ಕಡೆ ಹೋಗಬೇಕು. ಟ್ರಿಗರ್ ಪೂರ್ತಿ ಮುಂದಕ್ಕೆ ತಳ್ಳಿದ್ದೀರಾ? ಅರ್ಧ ಮಿಲಿಮೀಟರ್ ಹಿಂದಿದ್ದರೂ ಪಿನ್ ತಾಗುವುದಿಲ್ಲ. ತೆಗೆದು ಒಣ ಹತ್ತಿ ಬಟ್ಟೆಯಿಂದ ಎರಡೂ ಕಡೆ ಒರೆಸಿ, ಮತ್ತೆ ಹಾಕಿ ಲಾಕ್ ಮಾಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಲೋಹದ ಮೇಲೆ ತೆಳ್ಳಗೆ ಮಸುಕು ಕೂರುತ್ತದೆ, ಒರೆಸಿದರೆ ಸಾಕು. ಆಮೇಲೆ ಕ್ಯಾಮೆರಾದಲ್ಲಿ ಸೈಲೆಂಟ್ ಶೂಟಿಂಗ್ ಅಥವಾ ಎಲೆಕ್ಟ್ರಾನಿಕ್ ಶಟರ್ ಆನ್ ಇದೆಯಾ ನೋಡಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಆನ್ ಇದ್ದರೆ ಫ್ಲ್ಯಾಶ್ ಹೊಡೆಯುವುದೇ ಇಲ್ಲ. ಮಗು ಮಲಗಿದ್ದಾಗ ಸದ್ದಾಗದಿರಲಿ ಅಂತ ಹಾಕಿಕೊಂಡು ಮರೆತಿರುತ್ತೇವೆ.

ಒಂದೇ ಪಿನ್ನಿನ ಸರಳ ಟ್ರಿಗರ್ ಬಿಟ್ಟರೆ, ಟ್ರಿಗರ್ ನಿಮ್ಮ ಕ್ಯಾಮೆರಾ ಕಂಪನಿಗೆ ಹೊಂದುವಂಥದ್ದೇ ಇರಬೇಕು, ಸೋನಿಗೆ ಬೇರೆ, ನಿಕಾನ್‌ಗೆ ಬೇರೆ. ಕ್ಯಾನನ್ 200ಡಿ ಮಾರ್ಕ್ 2 ಇಟ್ಟುಕೊಂಡವರು ಇದನ್ನು ಗಮನಿಸಿ: ಅದರ ಹಾಟ್ ಶೂನಲ್ಲಿ ಹೆಚ್ಚಿನ ಕ್ಯಾಮೆರಾಗಳಿಗೆ ಇರುವ ಮಧ್ಯದ ಪಿನ್ ಇಲ್ಲ. ಹಾಗಾಗಿ ಒಂದೇ ಪಿನ್ನಿನ ಅಗ್ಗದ ಟ್ರಿಗರ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಮಾದರಿಯ ಹೆಸರು ಹೇಳಿ, ಅಂಗಡಿಯಲ್ಲೇ ಹಾಕಿಸಿ ಹೊಡೆಸಿ ನೋಡಿ.

ಇನ್ನು ಟೆಸ್ಟ್ ಬಟನ್‌ಗೂ ಹೊಡೆಯದ ಲೈಟ್. ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟ್ ಇದೆಯಾ ನೋಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ. ಪವರ್ ಕೇಬಲ್ ಲೈಟ್‌ನ ಬುಡದಲ್ಲಿ ಸಡಿಲ ಇದೆಯಾ ಒತ್ತಿ ನೋಡಿ. ಎಷ್ಟೋ ಲೈಟ್‌ಗಳಲ್ಲಿ ಕೇಬಲ್ ಸೇರುವ ಜಾಗದ ಪಕ್ಕದಲ್ಲೇ ಫ್ಯೂಸ್ ಇರುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಅದನ್ನು ತೆಗೆಯಿರಿ. ಒಳಗಿನ ತಂತಿ ಕಡಿದಿದ್ದರೆ ಅದೇ ಆಂಪಿಯರ್‌ನ ಹೊಸ ಫ್ಯೂಸ್ ಹಾಕಿ. ದೊಡ್ಡದು ಹಾಕಬಾರದು, ತಾಮ್ರದ ತಂತಿ ಸುತ್ತಬಾರದು. ಹೊಸ ಫ್ಯೂಸೂ ತಕ್ಷಣ ಹೋದರೆ ಒಳಗೆ ಶಾರ್ಟ್ ಇದೆ. ಮೂರನೆಯ ಫ್ಯೂಸ್ ಹಾಕಬೇಡಿ, ರಿಪೇರಿಗೆ ಕೊಡಿ.

ಲೈಟ್ ಹೊಡೆಯುತ್ತದೆ, ಫೋಟೋ ಮಾತ್ರ ಕಪ್ಪು

ಕಣ್ಣಿಗೆ ಮಿಂಚು ಕಂಡಿತು, ಫೋಟೋದಲ್ಲಿ ಇಲ್ಲ. ಅಂದರೆ ಶಟರ್ ತೆರೆದಿದ್ದಾಗ ಲೈಟ್ ಹೊಡೆಯಲಿಲ್ಲ, ಮುಂಚೆಯೋ ತಡವಾಗಿಯೋ ಹೊಡೆಯಿತು. ಟ್ರಿಗರ್ ಇಲ್ಲದೆ ಕ್ಯಾಮೆರಾದ ಸಣ್ಣ ಫ್ಲ್ಯಾಶ್‌ನಿಂದ ದೊಡ್ಡ ಲೈಟ್ ಹೊಡೆಸುತ್ತಿರುವವರಿಗೆ ಇದು ಬಂದೇ ಬರುತ್ತದೆ. ಆಟೋದಲ್ಲಿರುವ ಸಣ್ಣ ಫ್ಲ್ಯಾಶ್ ಮೊದಲು ಅಳತೆಗೆ ಅಂತ ಒಂದು ಚಿಕ್ಕ ಮಿಂಚು ಬಿಡುತ್ತದೆ, ಆಮೇಲೆ ನಿಜವಾದದ್ದು. ದೊಡ್ಡ ಲೈಟ್ ಮೊದಲ ಮಿಂಚಿಗೇ ಹೊಡೆದು ಮುಗಿಸಿರುತ್ತದೆ. ಲೈಟ್‌ನ ಸ್ಲೇವ್ ಮೋಡನ್ನು (ಬೇರೆ ಫ್ಲ್ಯಾಶ್‌ನ ಮಿಂಚು ಕಂಡು ತಾನೂ ಹೊಡೆಯುವ ವ್ಯವಸ್ಥೆ) ಎಸ್1ರಿಂದ ಎಸ್2ಕ್ಕೆ ಹಾಕಿ, ಅದು ಮೊದಲ ಮಿಂಚನ್ನು ಬಿಟ್ಟು ಎರಡನೆಯದಕ್ಕೆ ಹೊಡೆಯುತ್ತದೆ. ಅಥವಾ ಕ್ಯಾಮೆರಾದ ಫ್ಲ್ಯಾಶನ್ನು ಮ್ಯಾನುಯಲ್‌ಗೆ ಹಾಕಿ ಪವರ್ ತೀರಾ ಇಳಿಸಿ.

ಟ್ರಿಗರ್ ಇದ್ದೂ ಹೀಗಾದರೆ ಶಟರ್ ವೇಗ ನೋಡಿ. ಅದು ಮುಂದಿನ ವಿಷಯ.

ಫೋಟೋದ ಒಂದು ಬದಿಯಲ್ಲಿ ಕಪ್ಪು ಪಟ್ಟಿ

ಶಟರ್ ಅಂದರೆ ಎರಡು ಪರದೆ. ಒಂದು ತೆರೆದುಕೊಳ್ಳುತ್ತದೆ, ಇನ್ನೊಂದು ಹಿಂದೆಯೇ ಮುಚ್ಚಿಕೊಳ್ಳುತ್ತದೆ. ವೇಗ ಒಂದು ಮಿತಿ ದಾಟಿದರೆ ಮೊದಲನೆಯದು ಪೂರ್ತಿ ತೆರೆಯುವ ಮೊದಲೇ ಎರಡನೆಯದು ಹೊರಡುತ್ತದೆ. ಆ ಕ್ಷಣಕ್ಕೆ ಫ್ಲ್ಯಾಶ್ ಹೊಡೆದರೆ ಪರದೆಯ ನೆರಳೇ ಪಟ್ಟಿಯಾಗಿ ಬೀಳುತ್ತದೆ. ಈ ಮಿತಿಗೆ ಸಿಂಕ್ ಸ್ಪೀಡ್ ಅನ್ನುತ್ತಾರೆ, ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ಪೋರ್ಟ್ರೇಟ್‌ಗೆ ಕ್ಯಾಮೆರಾವನ್ನು ತಿರುಗಿಸಿ ಉದ್ದಕ್ಕೆ ನಿಲ್ಲಿಸಿ ಹಿಡಿಯುತ್ತೇವಲ್ಲ, ಅದಕ್ಕೇ ಪಟ್ಟಿ ಕೆಳಗೆ ಬರುವ ಬದಲು ಪಕ್ಕದಲ್ಲಿ ಬರುತ್ತದೆ. ಕತ್ತಲೆ ಹಿನ್ನೆಲೆ ಇದ್ದರೆ ಗೊತ್ತೇ ಆಗುವುದಿಲ್ಲ, ಭುಜ ಸುಮ್ನೆ ಮಬ್ಬಾಯಿತು ಅನ್ನಿಸುತ್ತದೆ. ಬಿಳಿ ಗೋಡೆಗೆ ಒಂದು ಫೋಟೋ ತೆಗೆದರೆ ಸ್ಪಷ್ಟವಾಗಿ ಕಾಣುತ್ತದೆ.

ಪರಿಹಾರ: ಶಟರ್ 1/125. ಅಷ್ಟೇ. ಅಗ್ಗದ ಟ್ರಿಗರ್‌ಗಳು ಸ್ವಲ್ಪ ತಡ ಮಾಡುತ್ತವೆ, ಅಂಥವುಗಳಲ್ಲಿ 1/200ರಲ್ಲೂ ತೆಳು ಪಟ್ಟಿ ಬರಬಹುದು, 1/160ಕ್ಕೋ 1/125ಕ್ಕೋ ಇಳಿಸಿದರೆ ಹೋಗುತ್ತದೆ. ಕತ್ತಲೆ ಕೋಣೆಯಲ್ಲಿ ಫ್ಲ್ಯಾಶ್ ಒಂದೇ ಬೆಳಕು ಆದಾಗ ಶಟರ್ ವೇಗದಿಂದ ಮುಖದ ಬೆಳಕು ಬದಲಾಗುವುದಿಲ್ಲ. ವೇಗ ಏರಿಸಿ ನಿಮಗೆ ಸಿಗುವುದೇನೂ ಇಲ್ಲ.

ಕ್ಯಾಮೆರಾದ ಸ್ಕ್ರೀನೇ ಕಪ್ಪು, ಫೋಕಸ್ ಸಿಗುವುದಿಲ್ಲ

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಕೊಂಡವರು ಮೊದಲ ದಿನ ಹೆದರುವುದು ಇದಕ್ಕೇ. ಕ್ಯಾಮೆರಾಗೆ ಫ್ಲ್ಯಾಶ್ ಬರಲಿದೆ ಅಂತ ಗೊತ್ತಿಲ್ಲ. ನೀವು ಹಾಕಿದ ಸೆಟ್ಟಿಂಗ್‌ಗೆ ಫೋಟೋ ಹೇಗೆ ಬರುತ್ತದೋ ಹಾಗೇ ತೋರಿಸುತ್ತದೆ, ಅಂದರೆ ಕಪ್ಪು. ಕ್ಯಾನನ್‌ನಲ್ಲಿ ಎಕ್ಸ್‌ಪೋಶರ್ ಸಿಮ್ಯುಲೇಶನ್ ಆಫ್ ಮಾಡಿ. ಸೋನಿಯಲ್ಲಿ ಲೈವ್ ವ್ಯೂ ಡಿಸ್‌ಪ್ಲೇ ಅನ್ನುವಲ್ಲಿ ಸೆಟ್ಟಿಂಗ್ ಎಫೆಕ್ಟ್ ಆಫ್ ಮಾಡಿ. ಬೇರೆ ಕಂಪನಿಗಳಲ್ಲೂ ಇದೇ ಅರ್ಥದ ಆಯ್ಕೆ ಮೆನುವಿನಲ್ಲಿ ಇರುತ್ತದೆ. ಸ್ಟುಡಿಯೋದಿಂದ ಹೊರಗೆ ಬಂದ ಮೇಲೆ ಮತ್ತೆ ಆನ್ ಮಾಡಿಕೊಳ್ಳಿ.

ಸ್ಕ್ರೀನ್ ಸರಿ ಇದ್ದೂ ಫೋಕಸ್ ಅಲೆದಾಡಿದರೆ ಲೈಟ್‌ನ ಮಾಡೆಲಿಂಗ್ ಲ್ಯಾಂಪ್ (ಲೈಟ್‌ನಲ್ಲೇ ಇರುವ, ಸದಾ ಉರಿಯುವ ಬಲ್ಬ್) ಹಚ್ಚಿ, ಅದು ಇರುವುದೇ ಇದಕ್ಕೆ. ಹ್ಯಾಲೊಜೆನ್ ಬಲ್ಬ್ ಆದರೆ ಸಿಕ್ಕಾಪಟ್ಟೆ ಬಿಸಿ. ಸಾಫ್ಟ್‌ಬಾಕ್ಸ್‌ನ ಒಳಗೆ ಗಂಟೆಗಟ್ಟಲೆ ಉರಿಸಬೇಡಿ, ಬಟ್ಟೆ ಸುಟ್ಟೀತು. ಬಲ್ಬ್ ಬದಲಿಸುವಾಗ ಬರಿಗೈಯಿಂದ ಗಾಜು ಮುಟ್ಟಬೇಡಿ. ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ಹೆಚ್ಚು ಕಾದು ಒಡೆಯುತ್ತದೆ.

ಒಂದು ಫೋಟೋ ಸರಿ, ಮುಂದಿನದು ಕತ್ತಲೆ

ಮೊದಲು ಆಟೋ ಐಎಸ್‌ಒ. ಮೇಲೆ ಹೇಳಿದ್ದೆ, ಮತ್ತೆ ನೋಡಿ, ಅದು ಆನ್ ಆಗಿರುತ್ತದೆ.

ಆಮೇಲೆ ನಿಮ್ಮ ಬೆರಳು. ಪ್ರತಿ ಸಲ ಹೊಡೆದ ಮೇಲೆ ಲೈಟ್ ಮತ್ತೆ ತುಂಬಿಕೊಳ್ಳಬೇಕು. ತುಂಬಿದ ಮೇಲೆ ಬೀಪ್ ಅನ್ನುತ್ತದೆ ಅಥವಾ ದೀಪ ಹತ್ತುತ್ತದೆ. ಅದಕ್ಕಿಂತ ಮುಂಚೆ ಒತ್ತಿದರೆ ಅರ್ಧ ಬೆಳಕು ಬರುತ್ತದೆ, ಇಲ್ಲ ಬರುವುದೇ ಇಲ್ಲ. ಬೀಪ್ ಆಫ್ ಮಾಡಿಕೊಂಡಿದ್ದರೆ ಆನ್ ಮಾಡಿ, ಕಲಿಯುವಾಗ ಅದು ಬೇಕು. ಎಣಿಸಿ ನೋಡಿ, ಮೊದಲು ಒಂದು ಸೆಕೆಂಡಿಗೆ ತುಂಬುತ್ತಿದ್ದದ್ದು ಈಗ ಮೂರು ನಾಲ್ಕು ಸೆಕೆಂಡ್ ತಗೊಂಡರೆ ವೋಲ್ಟೇಜ್ ಬಿದ್ದಿದೆ. ನಮ್ಮ ಮನೆಯಲ್ಲಿ ನೀರಿನ ಮೋಟಾರ್ ಹಾಕಿದಾಗ ಹೀಗಾಗುತ್ತಿತ್ತು, ಮೋಟಾರ್ ನಿಂತ ಕೂಡಲೇ ಸರಿಹೋಗುತ್ತಿತ್ತು. ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರ್‌ನಿಂದಲೂ ಆಗುತ್ತದೆ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್‌ನಲ್ಲಿ ಸ್ಟುಡಿಯೋ ಲೈಟ್ ನಡೆಸಬೇಡಿ. ಲೈಟ್‌ನ ಕೈಪಿಡಿಯಲ್ಲಿ ಆಗುತ್ತದೆ ಅಂತ ಬರೆದಿದ್ದರೆ ಮಾತ್ರ ಸರಿ.

ಒಂದೇ ಸಮನೆ ಪೂರ್ತಿ ಪವರ್‌ನಲ್ಲಿ ಹೊಡೆದರೆ ಲೈಟ್ ಬಿಸಿಯಾಗಿ ತಾನೇ ನಿಲ್ಲುತ್ತದೆ. ಅದು ಕೆಟ್ಟಿದ್ದಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಹದಿನೈದು ನಿಮಿಷ ಬಿಡಿ. ಮತ್ತೆ ಶುರು ಮಾಡುವಾಗ ಪವರ್ ಅರ್ಧಕ್ಕೆ ಇಳಿಸಿ ಐಎಸ್‌ಒ 200 ಮಾಡಿಕೊಳ್ಳಿ, ಫೋಟೋ ಅದೇ ಬರುತ್ತದೆ.

ಇನ್ನೊಂದು ಗುರುತು: ಪವರ್ ಇಳಿಸಿದ ನಂತರದ ಮೊದಲ ಫೋಟೋ ಮಾತ್ರ ಬೆಳ್ಳಗೆ, ಆಮೇಲಿನವು ಸರಿ. ಕೆಲವು ಹಳೆ ಲೈಟ್‌ಗಳು ಹೆಚ್ಚುವರಿ ಚಾರ್ಜನ್ನು ತಾವಾಗಿ ಬಿಟ್ಟುಕೊಡುವುದಿಲ್ಲ. ಪವರ್ ಇಳಿಸಿದ ಮೇಲೆ ಟೆಸ್ಟ್ ಬಟನ್ ಒಂದು ಸಲ ಒತ್ತಿ, ಆಮೇಲೆ ತೆಗೆಯಿರಿ.

ತಿಂಗಳುಗಟ್ಟಲೆ ಮುಚ್ಚಿಟ್ಟ ಲೈಟ್ ಕೂಡ ಮೊದಲ ದಿನ ಹೀಗೆ ಏರುಪೇರು ಮಾಡಬಹುದು. ಅದನ್ನು ತೆಗೆದ ಕೂಡಲೇ ಪೂರ್ತಿ ಪವರ್‌ಗೆ ಹಾಕಬೇಡಿ. ಕಡಿಮೆ ಪವರ್‌ನಲ್ಲಿ ಆನ್ ಮಾಡಿ ಸ್ವಲ್ಪ ಹೊತ್ತು ಬಿಡಿ, ನಾಲ್ಕು ಸಲ ಹೊಡೆಸಿ, ಆಮೇಲೆ ನಿಧಾನಕ್ಕೆ ಏರಿಸಿ.

ಪವರ್ ಎಷ್ಟು ಇಳಿಸಿದರೂ ಮುಖ ಬೆಳ್ಳಗೆ

ಸಣ್ಣ ಕೋಣೆಗೆ 400 ವ್ಯಾಟ್-ಸೆಕೆಂಡ್ ಜಾಸ್ತಿಯೇ. ಐಎಸ್‌ಒ 100ರಲ್ಲಿದೆಯಾ ನೋಡಿ, ಅಪರ್ಚರ್ ಎಫ್/11 ಮಾಡಿ. ಎಫ್/2.8ರಲ್ಲೇ ತೆಗೆಯಬೇಕು, ಹಿನ್ನೆಲೆ ಕರಗಬೇಕು ಅಂತಿದ್ದರೆ ಲೆನ್ಸಿಗೆ ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡುವ ಬೂದಿ ಗಾಜು) ಹಾಕಬೇಕು, ಅಥವಾ ಸಾಫ್ಟ್‌ಬಾಕ್ಸ್‌ನ ಒಳಗಿನ ಎರಡನೆಯ ಬಟ್ಟೆಯನ್ನೂ ಕಟ್ಟಬೇಕು. ಲೈಟ್ ಹಿಂದೆ ಸರಿಸಿದರೂ ಬೆಳಕು ಇಳಿಯುತ್ತದೆ. 3 ಅಡಿಯಿಂದ 6 ಅಡಿಗೆ ಒಯ್ದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲುಭಾಗ ಆಗುತ್ತದೆ, ಅಂದರೆ ಎರಡು ಸ್ಟಾಪ್ ಕಡಿಮೆ (ಬೆಳಕು ಅರ್ಧವಾದರೆ ಒಂದು ಸ್ಟಾಪ್). ಆದರೆ ಇದು ನನ್ನ ಕೊನೆಯ ಆಯ್ಕೆ. ಲೈಟ್ ದೂರ ಹೋದಷ್ಟೂ ನೆರಳು ಗಡುಸಾಗುತ್ತದೆ, ಕಾರಣ ಮುಂದೆ ಬರುತ್ತದೆ.

ಬಿಳಿ ಪಂಚೆ, ಬಿಳಿ ಜುಬ್ಬಾ ಹಾಕಿದವರನ್ನು ತೆಗೆಯುವಾಗ ಮುಖ ನೋಡಿ ಸಮಾಧಾನ ಪಡಬೇಡಿ, ಜುಬ್ಬಾದ ಭುಜ ನೋಡಿ. ಕ್ಯಾಮೆರಾದ ಹೈಲೈಟ್ ಎಚ್ಚರಿಕೆ ಆನ್ ಮಾಡಿದರೆ ಸುಟ್ಟ ಜಾಗ, ಅಂದರೆ ವಿವರವಿಲ್ಲದೆ ಬರೀ ಬಿಳಿಯಾದ ಜಾಗ, ಮಿನುಗುತ್ತದೆ. ಲೈಟನ್ನು ಸ್ವಲ್ಪ ತಿರುಗಿಸಿ, ಸಾಫ್ಟ್‌ಬಾಕ್ಸ್‌ನ ನಡುಭಾಗ ಅವರ ಮುಂದೆ ಹಾದುಹೋಗಿ ಅಂಚಿನ ಬೆಳಕು ಮಾತ್ರ ಅವರ ಮೇಲೆ ಬೀಳಲಿ. ಜರಿ ಅಂಚಿನ ಮೈಸೂರು ಸಿಲ್ಕ್ ಸೀರೆಗೂ ಇದೇ ಉಪಾಯ. ಅಮ್ಮನ ಸೀರೆಯ ಸೆರಗು ಮೊದಲ ಸಲ ಬರೀ ಬಿಳಿ ಗೆರೆಯಾಗಿ ಬಂದಿತ್ತು, ಲೈಟ್ ಒಂದು ಗೇಣು ತಿರುಗಿಸಿದ ಮೇಲೆ ಜರಿಯ ಒಂದೊಂದು ಎಳೆಯೂ ಕಂಡಿತು.

ಇಲ್ಲೇ ಒಂದು ಮಾತು ಹೇಳಬೇಕು. ಕಪ್ಪು ಮೈಬಣ್ಣದವರು ಕೂತಾಗ ಅವರನ್ನು ಬೆಳ್ಳಗೆ ಮಾಡಲು ಪವರ್ ಏರಿಸುವುದು ತಪ್ಪು. ಕೇಳಿದರೂ ಏರಿಸಬೇಡಿ, ಮೊದಲು ಸರಿಯಾದ ಬಣ್ಣದ ಒಂದು ಫೋಟೋ ತೆಗೆದು ತೋರಿಸಿ. ಕಪ್ಪು ಚರ್ಮದ ಸೊಗಸು ಅದರ ಮೇಲಿನ ಹೊಳಪಿನಲ್ಲಿದೆ. ಲೈಟ್ ಪಕ್ಕಕ್ಕೆ ಸರಿಸಿ ಕೆನ್ನೆಯ ಅಂಚಿಗೆ ಒಂದು ಮೃದು ಬೆಳಕು ಬೀಳಿಸಿದರೆ ಮುಖ ಎದ್ದು ಬರುತ್ತದೆ. ಎಷ್ಟೋ ಜನ ತಮ್ಮ ನಿಜವಾದ ಬಣ್ಣದಲ್ಲಿ ಒಂದು ಒಳ್ಳೆ ಫೋಟೋ ನೋಡಿಯೇ ಇರುವುದಿಲ್ಲ.

ಮುಖದ ಬಣ್ಣ ಹಸಿರು, ಹಳದಿ

ಫ್ಲ್ಯಾಶ್‌ನ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಮಧ್ಯಾಹ್ನದ ಬಿಸಿಲಿನ ಹಾಗೆ. ಹಳದಿ ಬಲ್ಬ್ 3000ದ ಆಸುಪಾಸು. ಎರಡೂ ಸೇರಿದರೆ ಯಾವ ವೈಟ್ ಬ್ಯಾಲೆನ್ಸ್ ಹಾಕಿದರೂ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಆ ಕಪ್ಪು ಫೋಟೋದ ಪರೀಕ್ಷೆ ಮಾಡಿದ್ದರೆ ಇದು ಬರಲ್ಲ.

ಅದು ಕಪ್ಪಾಗಿ ಬಂದೂ ಮುಖದ ಒಂದು ಬದಿ ಹಸಿರಾಗಿದ್ದರೆ ಗೋಡೆ ನೋಡಿ. ನಮ್ಮ ಕೋಣೆಗೆ ಪಿಸ್ತಾ ಹಸಿರು ಬಣ್ಣ ಹೊಡೆಸಿದ್ದರು. ಫ್ಲ್ಯಾಶ್ ಗೋಡೆಗೆ ತಾಗಿ ಹಸಿರಾಗಿ ವಾಪಸ್ ಬರುತ್ತಿತ್ತು, ನಾನು ಒಂದು ತಿಂಗಳು ವೈಟ್ ಬ್ಯಾಲೆನ್ಸ್ ತಿರುಗಿಸಿದೆ. ಕೊನೆಗೆ ನೆರಳಿನ ಬದಿಗೆ ಒಂದು ಬಿಳಿ ಬೆಡ್‌ಶೀಟ್ ಕಟ್ಟಿದೆ, ಹಸಿರು ಹೋಯಿತು. ನೆರಳು ಗಾಢ ಬೇಕಿದ್ದರೆ ಬಿಳಿಯ ಬದಲು ಕಪ್ಪು ಬಟ್ಟೆ ಕಟ್ಟಿ.

ಬೆಳಕು ಸರಿ ಇದೆ, ಮುಖ ಚೆನ್ನಾಗಿಲ್ಲ

ಇಲ್ಲಿ ಯಾವ ಯಂತ್ರವೂ ಕೆಟ್ಟಿರುವುದಿಲ್ಲ, ಆದರೆ ಹೊಸಬರು ಕೈಬಿಡುವುದು ಹೆಚ್ಚಾಗಿ ಇಲ್ಲೇ. ಫೋಟೋ ದೊಡ್ಡದು ಮಾಡಿ ಮೊದಲು ಕಣ್ಣು ನೋಡಿ. ಕಣ್ಣಿನ ಗುಡ್ಡೆಯಲ್ಲಿ ಲೈಟ್‌ನ ಬಿಳಿ ಚುಕ್ಕೆ ಕಾಣಬೇಕು. ಕಾಣದೆ ಕಣ್ಣಿನ ಕುಳಿ ಕಪ್ಪಾಗಿದ್ದರೆ ಲೈಟ್ ತೀರಾ ಮೇಲಿದೆ. ಇಳಿಸಿ, ಚುಕ್ಕೆ ಗುಡ್ಡೆಯ ಮೇಲ್ಭಾಗಕ್ಕೆ ಬರುವ ತನಕ. ಚುಕ್ಕೆ ಗುಡ್ಡೆಯ ಕೆಳಗಿದ್ದರೆ ಲೈಟ್ ತೀರಾ ಕೆಳಗಿದೆ, ಮುಖ ಭೂತದಂತೆ ಕಾಣುತ್ತದೆ. ಆಮೇಲೆ ಮೂಗಿನ ನೆರಳು. ಅದು ತುಟಿಯ ಮೇಲೆ ಬಿದ್ದರೆ ಲೈಟ್ ಇನ್ನೂ ತೀರಾ ಎತ್ತರದಲ್ಲೇ ಇದೆ, ಕೆನ್ನೆಗೆ ಅಡ್ಡ ಉದ್ದವಾಗಿ ಬಿದ್ದರೆ ಲೈಟ್ ತುಂಬಾ ಪಕ್ಕಕ್ಕೆ ಹೋಗಿದೆ. ಶುರುವಿಗೆ ಮುಖದ ಮುಂದಿನಿಂದ 45 ಡಿಗ್ರಿ ಪಕ್ಕಕ್ಕೆ, ಕಣ್ಣಿಗಿಂತ ಒಂದೂವರೆ ಎರಡು ಅಡಿ ಮೇಲೆ ಇಟ್ಟು ನೋಡಿ.

ನೆರಳಿನ ಅಂಚು ಚಾಕುವಿನಿಂದ ಕೊಯ್ದ ಹಾಗಿದ್ದರೆ ಲೈಟ್ ದೂರ ಇದೆ ಅಥವಾ ಸಣ್ಣದು. ಬೆಳಕು ಮೃದು ಆಗುವುದು ಬಟ್ಟೆಯಿಂದ ಅಲ್ಲ, ಕೂತವರ ಕಣ್ಣಿಗೆ ಸಾಫ್ಟ್‌ಬಾಕ್ಸ್ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದರಿಂದ. ಸೂರ್ಯ ಅಷ್ಟು ದೊಡ್ಡದು, ಆದರೂ ದೂರದಿಂದ ಚುಕ್ಕೆ, ಅದಕ್ಕೇ ಬಿಸಿಲಿನ ನೆರಳು ಗಡುಸು. ಮೋಡ ಕವಿದರೆ ಇಡೀ ಆಕಾಶವೇ ಲೈಟ್ ಆಗುತ್ತದೆ, ಆಗುಂಬೆಯ ಜುಲೈ ತಿಂಗಳಲ್ಲಿ ಯಾರ ಮುಖಕ್ಕೂ ನೆರಳೇ ಇರುವುದಿಲ್ಲ ಅಲ್ವಾ? 3 ಅಡಿಯ ಸಾಫ್ಟ್‌ಬಾಕ್ಸನ್ನು 3 ಅಡಿ ದೂರಕ್ಕೆ ತನ್ನಿ, ಫ್ರೇಮಿನ ಅಂಚಿಗೆ ತಾಗುವಷ್ಟು. ಪವರ್ ಇಳಿಸಿ. ಇಷ್ಟು ಹತ್ತಿರವಾ ಅಂತ ಎಲ್ಲರಿಗೂ ಅನ್ನಿಸುತ್ತದೆ. ಹೌದು, ಇಷ್ಟು ಹತ್ತಿರ.

ನೆರಳಿನ ಬದಿ ಪೂರ್ತಿ ಕಪ್ಪಾದರೆ ಎರಡನೆಯ ಲೈಟ್ ಕೊಳ್ಳಲು ಹೋಗಬೇಡಿ. ಸ್ಟೇಷನರಿ ಅಂಗಡಿಯ ಬಿಳಿ ಥರ್ಮಾಕೋಲ್ ಶೀಟ್ ತಂದು ಆ ಬದಿಯ ಕೆನ್ನೆಗೆ ಎರಡು ಅಡಿ ದೂರದಲ್ಲಿ ನಿಲ್ಲಿಸಿ. ನಾನು ಇವತ್ತಿಗೂ ಅದನ್ನೇ ಬಳಸುತ್ತೇನೆ.

ಹಣೆ, ಮೂಗು ಹೊಳೆದರೆ ಅದು ಬೆವರು. ಮಂಗಳೂರು, ಉಡುಪಿ ಕಡೆ ಫ್ಯಾನ್ ಆರಿಸಿದ ಐದು ನಿಮಿಷಕ್ಕೇ ಬರುತ್ತದೆ. ಟಿಶ್ಯೂ ಒತ್ತಿ ತೆಗೆಯಿರಿ, ಉಜ್ಜಬೇಡಿ. ಕನ್ನಡಕದಲ್ಲಿ ಸಾಫ್ಟ್‌ಬಾಕ್ಸ್ ಕಂಡರೆ ಲೈಟ್ ಇನ್ನಷ್ಟು ಮೇಲಕ್ಕೆ ಮತ್ತು ಪಕ್ಕಕ್ಕೆ ಸರಿಸಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದಿಷ್ಟು ಎತ್ತಿಸಿ ಗಾಜು ಕೆಳಗೆ ಬಾಗುವಂತೆ ಮಾಡಿ. ಕಣ್ಣಿನ ಚುಕ್ಕೆಗೆ ಲೈಟ್ ಇಳಿಸಬೇಕು, ಕನ್ನಡಕಕ್ಕೆ ಏರಿಸಬೇಕು, ಎರಡರ ನಡುವೆ ಒಂದು ಜಾಗ ಹುಡುಕಬೇಕು. ಅದಕ್ಕೆ ಹತ್ತು ಫೋಟೋ ಬೇಕಾಗುತ್ತದೆ, ತೆಗೆಯಿರಿ.

ಬಿಳಿ ಗೋಡೆ ಬೂದಿ ಬಣ್ಣ ಬರುತ್ತದೆ

ದೂರದ ಲೆಕ್ಕವೇ. ಲೈಟ್‌ನಿಂದ ಮುಖ 3 ಅಡಿ, ಗೋಡೆ 9 ಅಡಿ ಇದ್ದರೆ ಗೋಡೆಗೆ ಸಿಗುವುದು ಮುಖಕ್ಕೆ ಸಿಕ್ಕಿದ ಬೆಳಕಿನ ಒಂಬತ್ತನೆಯ ಒಂದು ಭಾಗ. ಬೂದಿಯೇ ಬರಬೇಕು. ಬಿಳಿ ಬೇಕಿದ್ದರೆ ಗೋಡೆಗೇ ಬೇರೆ ಲೈಟ್ ಬೇಕು, ಅಥವಾ ಕೂತವರನ್ನು ಗೋಡೆಗೆ ಹತ್ತಿರ ತಂದು ಲೈಟ್ ಹಿಂದೆ ಸರಿಸಬೇಕು. ಹತ್ತಿರ ತಂದರೆ ತಲೆಯ ನೆರಳು ಗೋಡೆಗೆ ಬೀಳುತ್ತದೆ, ನೆರಳು ಬೇಡ ಅಂದರೆ ಕನಿಷ್ಠ 5 ಅಡಿ ದೂರ ಕೂರಿಸಿ. ಸಣ್ಣ ಕೋಣೆಯಲ್ಲಿ ಎರಡೂ ಸಿಗುವುದಿಲ್ಲ. ನಾನು ಬೂದಿಯನ್ನೇ ಆರಿಸಿಕೊಂಡೆ, ಅದು ಚೆನ್ನಾಗಿಯೇ ಇರುತ್ತದೆ.

ಎಲ್‌ಇಡಿ ಲೈಟ್‌ನಲ್ಲಿ ಅಡ್ಡ ಪಟ್ಟೆಗಳು

ಫ್ಲ್ಯಾಶ್ ಬದಲು ಸದಾ ಉರಿಯುವ ಎಲ್‌ಇಡಿ ಕೊಂಡವರಿಗೆ ಇದು. ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಅಥವಾ 1/50ಕ್ಕೆ ಹಾಕಿ, ಪಟ್ಟೆ ಹೋಗುತ್ತದೆ. ಹೋಗದಿದ್ದರೆ ಮಂದ ಮಾಡುವ ಗುಂಡಿಯನ್ನು ಪೂರ್ತಿ ಏರಿಸಿ ನೋಡಿ, ಕೆಲವು ಲೈಟ್ ಮಂದ ಮಾಡಿದಾಗ ಮಾತ್ರ ಮಿನುಗುತ್ತವೆ.

ಇಲ್ಲಿಗೆ ನಿಲ್ಲಿಸಿ, ಗೊತ್ತಿರುವವರಿಗೆ ಕೊಡಿ

ಸುಟ್ಟ ವಾಸನೆ, ಹೊಗೆ, ಒಳಗಿಂದ ಚಟಚಟ ಸದ್ದು. ಕವಚ ಮುಟ್ಟಿದರೆ ಜುಮ್ ಅನ್ನುವುದು. ಸುರುಳಿ ಗಾಜಿನ ಟ್ಯೂಬ್‌ನಲ್ಲಿ ಬಿರುಕು. ಲೈಟ್ ತಾನಾಗಿಯೇ ಹೊಡೆಯುತ್ತಾ ಇರುವುದು, ಸ್ಲೇವ್ ಮೋಡ್ ಆರಿಸಿದ ಮೇಲೂ. ಲೈಟ್ ಹಾಕಿದರೆ ಮನೆಯ ಎಂಸಿಬಿ (ತಾನಾಗಿ ಕರೆಂಟ್ ಕಡಿಯುವ ಸ್ವಿಚ್) ಬೀಳುವುದು. ಇವುಗಳಲ್ಲಿ ಯಾವುದು ಕಂಡರೂ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ, ಮತ್ತೆ ಹಾಕಿ ನೋಡುವ ಪ್ರಯತ್ನ ಬೇಡ. ಜುಮ್ ಅನ್ನುವುದಕ್ಕೆ ಲೈಟ್ ಜೊತೆಗೆ ಮನೆಯ ಅರ್ಥಿಂಗನ್ನೂ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಹಳೆ ಸ್ಟುಡಿಯೋ ಮುಚ್ಚುವಾಗ ಅಗ್ಗಕ್ಕೆ ಸಿಕ್ಕ ಲೈಟ್ ಇದ್ದರೆ ಅದನ್ನು ಸಿಂಕ್ ವೈರ್‌ನಿಂದ (ಕ್ಯಾಮೆರಾದಿಂದ ಲೈಟ್ ಹೊಡೆಸುವ ತಂತಿ) ಹೊಸ ಕ್ಯಾಮೆರಾಗೆ ನೇರ ಜೋಡಿಸಬೇಡಿ. ಫಿಲ್ಮ್ ಕಾಲದ ಕೆಲವು ಫ್ಲ್ಯಾಶ್‌ಗಳ ಸಿಂಕ್ ಜಾಗದಲ್ಲಿ 200 ವೋಲ್ಟ್ ದಾಟುತ್ತದೆ, ಡಿಜಿಟಲ್ ಕ್ಯಾಮೆರಾದ ಸರ್ಕ್ಯೂಟ್ ಸುಟ್ಟುಹೋಗಬಹುದು. ಗೊತ್ತಿರುವವರಿಂದ ಆ ವೋಲ್ಟೇಜ್ ಅಳತೆ ಮಾಡಿಸಿ. ಅಲ್ಲಿಯವರೆಗೆ ಸಣ್ಣ ಫ್ಲ್ಯಾಶ್‌ನಿಂದ ಸ್ಲೇವ್ ಆಗಿ ಹೊಡೆಸಿ, ವೈರ್ ಬೇಡ.

ರಿಪೇರಿಗೆ ಒಯ್ಯುವಾಗ ಲೈಟ್ ಒಂದನ್ನೇ ಒಯ್ಯಬೇಡಿ. ಕ್ಯಾಮೆರಾ, ಟ್ರಿಗರ್, ಪವರ್ ಕೇಬಲ್ ಎಲ್ಲ ಒಯ್ಯಿರಿ. ಟೆಸ್ಟ್ ಬಟನ್‌ಗೆ ಹೊಡೆಯುತ್ತಾ ಇಲ್ಲವಾ, ಯಾವ ಪವರ್‌ನಲ್ಲಿ ತಪ್ಪುತ್ತದೆ, ತುಂಬಲು ಎಷ್ಟು ಸೆಕೆಂಡ್, ಯಾವ ಯಾವ ಸಾಕೆಟ್‌ನಲ್ಲಿ ನೋಡಿದಿರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೆಟ್ಟ ಫೋಟೋಗಳನ್ನು ಅಳಿಸದೆ ಕಾರ್ಡ್‌ನಲ್ಲೇ ಇಟ್ಟುಕೊಳ್ಳಿ, ಪಟ್ಟಿ, ಕತ್ತಲೆ, ಬಣ್ಣ ಎಲ್ಲ ಅವರಿಗೆ ಅದರಲ್ಲೇ ಕಾಣುತ್ತದೆ.